ಬಿಜಲಿ ಪಂಪ್‌ಹೌಸಿನ ಮುಂದೆ ಕೂತಳು

ನಾಯಿಯನ್ನು ಪೂರ್ತಿ ನಂಬಬೇಡಿ. ನಾಯಿಯ ಹಗ್ಗ ಹಿಡಿದವನನ್ನು ಅದಕ್ಕಿಂತಲೂ ಕಡಿಮೆ ನಂಬಿ. ಇಪ್ಪತ್ತೊಂಬತ್ತು ವರ್ಷ ಅದೇ ಹಗ್ಗ ಹಿಡಿದು ಹೊಟ್ಟೆ ಹೊರೆದವನು ಹೀಗೆ ಶುರು ಮಾಡಿದರೆ ನಿಮಗೆ ವಿಚಿತ್ರ ಅನಿಸಬಹುದು. ನನ್ನ ತಂಗಿಯ ಮಗಳು ಮಹಾದೇವಿ ಈಗ ಇದೇ ಕೆಲಸಕ್ಕೆ ಸೇರಿದ್ದಾಳೆ. ತರಬೇತಿಗೆ ಹೋಗುವ ಮುಂಚೆ ಬಂದು, "ಮಾಮಾ, ಪುಸ್ತಕದಾಗ ಇಲ್ಲದ್ದು ಏನರೆ ಇದ್ದರ ಬರೆದುಕೊಡು" ಅಂದಳು. ಪುಸ್ತಕದಲ್ಲಿ ಇಲ್ಲದ್ದು ಅಂದರೆ ನನ್ನ ತಪ್ಪುಗಳೇ. ಅವನ್ನೇ ಬರೆಯುತ್ತಿದ್ದೇನೆ.

ನನ್ನ ಹೆಸರು ಅಣವೀರಪ್ಪ, ಊರು ದಂಡೋತಿ. ಕೆಲಸ ಮಾಡಿದ್ದು ಸೇಡಂ, ಚಿತ್ತಾಪುರದ ನಡುವಿನ ಒಂದು ಸುಣ್ಣಕಲ್ಲಿನ ಗಣಿಯಲ್ಲಿ. ಅದರ ಹೆಸರು ಇಲ್ಲಿ ಬೇಡ. ಕಲ್ಲು ಒಡೆಯಲು ಸಿಡಿಮದ್ದು ಬೇಕು. ಮದ್ದಿಗೆ ಒಂದು ಕೋಣೆ, ಕೋಣೆಗೆ ಎರಡು ಬೀಗ, ಬೀಗಕ್ಕೆ ಕಾವಲು. ಇಷ್ಟಿದ್ದರೂ ಹೊರಗೆ ಹೋಗುವ ಪ್ರತಿ ಲಾರಿ, ಪ್ರತಿ ಊಟದ ಚೀಲವನ್ನು ನಾಯಿ ಮೂಸಬೇಕು. ಮದ್ದಿನ ವಾಸನೆ ಸಿಕ್ಕರೆ ನಾಯಿ ಬೊಗಳುವುದಿಲ್ಲ, ಸುಮ್ಮನೆ ಕೂತುಬಿಡುತ್ತದೆ. ಹಾಗೆ ಕೂತಿತೆಂದರೆ ಎದುರಿಗಿದ್ದವನ ಮುಖದ ರಕ್ತ ಇಂಗುತ್ತಿತ್ತು. ಅದನ್ನು ನೋಡಿ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಸಂಶಯಪಡುವುದೇ ಸಂಬಳದ ಕೆಲಸವಾದರೆ ಅದು ಮನೆಗೂ ಬರುತ್ತದೆ. ಬೀಗರ ಮನೆಗೆ ಹೋದರೂ ಯಾರ ಚೀಲ ಯಾಕೆ ಉಬ್ಬಿದೆ ಎಂದು ನನ್ನ ಕಣ್ಣು ಓಡುತ್ತಿತ್ತು. ನಮ್ಮ ಮನೆಯವಳು ಸುಗಲಾ ಒಮ್ಮೆ ಸಕ್ಕರೆ ಡಬ್ಬಿ ಬೇರೆ ಕಡೆ ಇಟ್ಟಿದ್ದಕ್ಕೆ, ಯಾಕಿಟ್ಟೆ, ಯಾವಾಗಿಟ್ಟೆ ಎಂದು ಮೂರು ಸಲ ಕೇಳಿದ್ದೆ. "ನಾಯೀನರೆ ಒಂದು ಸರ್ತಿ ಮೂಸಿ ಬಿಡ್ತದ" ಅಂದಿದ್ದಳು ಅವಳು.

ನನ್ನ ಮೊದಲ ನಾಯಿ ಟೈಗರ್. ಹೆಸರಷ್ಟೇ ದೊಡ್ಡದು, ಗುಡುಗಿದರೆ ಮಂಚದ ಕೆಳಗೆ ನುಗ್ಗುತ್ತಿತ್ತು. ಒಂದು ದಿನ ಅದು ಶಹಾಬಾದಿನ ಲಾರಿ ಚಾಲಕ ಮಕಬೂಲನ ಮುಂದೆ ಕೂತಿತು. ಲಾರಿಯ ತುಂಬ ನೆಲಕ್ಕೆ ಹಾಸುವ ಫರಸಿ ಕಲ್ಲು. ಆಗಿನ ಭದ್ರತಾ ಅಧಿಕಾರಿ ಅಷ್ಟೂ ಕಲ್ಲನ್ನು ಕೆಳಗಿಳಿಸಿದರು. ಉರಿಬಿಸಿಲಲ್ಲಿ ನಾಲ್ಕು ತಾಸು ಹುಡುಕಿದರೂ ಏನೂ ಸಿಗಲಿಲ್ಲ. ಕಡೆಗೆ ಯಾರೋ ಕೇಳಿದರು, ನಿನ್ನೆ ಎಲ್ಲಿದ್ದೆ? ಭಾವನ ಹೊಲದಲ್ಲಿ ಬಾವಿ ತೋಡುತ್ತಿದ್ದರು, ಲೈಸೆನ್ಸಿನವರು ಬಂದು ಮದ್ದು ಹಾರಿಸಿದ್ದರು, ತಾನು ಹತ್ತಿರ ನಿಂತಿದ್ದೆ ಅಂದ. ಅದೇ ಅಂಗಿ ತೊಟ್ಟು ಬಂದಿದ್ದ. ನಾಯಿ ಹೇಳಿದ್ದು ನಿಜ, ನಾವು ತಿಳಿದುಕೊಂಡದ್ದು ಸುಳ್ಳು. ಮಕಬೂಲ ಒಬ್ಬನೇ ಕಲ್ಲನ್ನು ಮತ್ತೆ ಹೇರಿಕೊಂಡು ಹೋದ. ನಾವು ಚಹಾ ಕುಡಿಯುತ್ತ ನಕ್ಕೆವು.

ಅದರಿಂದ ನಾನು ಕಲಿತದ್ದು ಅರ್ಧ ಪಾಠ. ನಾಯಿ ವಾಸನೆ ಹೇಳುತ್ತದೆ, ಕಳ್ಳನನ್ನಲ್ಲ ಎಂಬುದು ಆ ಅರ್ಧ. ನಾಯಿ ಯಾವಾಗಲೂ ವಾಸನೆಯನ್ನೇ ಹೇಳುತ್ತದೆಯೇ ಎಂದು ಕೇಳುವ ಬುದ್ಧಿ ಆಗ ಬರಲಿಲ್ಲ. ಆ ಇನ್ನರ್ಧ ಕಲಿಯಲು ನಿವೃತ್ತಿಯ ಹತ್ತಿರದವರೆಗೆ ಕಾಯಬೇಕಾಯಿತು, ಅದಕ್ಕೆ ಬೆಲೆ ತೆತ್ತವನು ಬೇರೊಬ್ಬ.

ಬಿಜಲಿ ನನ್ನ ಮೂರನೆಯ ನಾಯಿ. ಲ್ಯಾಬ್ರಡಾರ್, ಗೋಧಿ ಬಣ್ಣ, ಬಲು ಚುರುಕು. ಆಗ ನಮ್ಮ ಭದ್ರತಾ ಅಧಿಕಾರಿ ಬಿರಾದಾರ ಸಾಹೇಬರು, ಮಿಲಿಟರಿಯಿಂದ ಬಂದವರು. ಎದುರಿಗೆ ಬಂದವರನ್ನು ಮೊದಲು ಕಾಲಿನಿಂದ ತಲೆಯವರೆಗೆ ನೋಡಿ ಆಮೇಲೆ ನಮಸ್ಕಾರ ಹೇಳುತ್ತಿದ್ದರು. ನಮ್ಮಿಬ್ಬರಿಗೆ ಚೆನ್ನಾಗಿ ಹೊಂದಿತು, ಯಾಕೆಂದರೆ ಇಬ್ಬರೂ ಯಾರನ್ನೂ ನಂಬುತ್ತಿರಲಿಲ್ಲ.

ಇನ್ನು ಅಭ್ಯಾಸದ ವಿಷಯ. ನಾಯಿಯ ಮೂಗು ಮೊಂಡಾಗದಂತೆ ವಾರಕ್ಕೆ ಮೂರು ಸಲ ಅಭ್ಯಾಸ ಮಾಡಿಸಬೇಕು. ಮದ್ದಿನ ಚೂರು ಇಟ್ಟ ಪುಟ್ಟ ಡಬ್ಬಿಯನ್ನು ಎಲ್ಲಾದರೂ ಬಚ್ಚಿಡಬೇಕು, ನಾಯಿ ಅದನ್ನು ಹುಡುಕಿ ಕೂರಬೇಕು, ಕೂತರೆ ಆಟಕ್ಕೆ ಚೆಂಡು ಸಿಗಬೇಕು. ಪ್ರತಿಸಲ ಹೊಸ ಜಾಗ ಆಗಬೇಕು ಎಂದು ಪುಸ್ತಕ ಹೇಳುತ್ತದೆ. ಪುಸ್ತಕ ಬರೆದವರು ನಮ್ಮ ಕಡೆಯ ಬೇಸಿಗೆಯಲ್ಲಿ ಗಣಿಯೊಳಗೆ ನಿಂತವರಲ್ಲ. ಬಿಳಿ ಕಲ್ಲು ಕೆಳಗಿನಿಂದ ಕಾಯುತ್ತದೆ, ಮೇಲಿನಿಂದ ಸೂರ್ಯ. ನಾಯಿಯ ಪಾದ ಸುಡುತ್ತದೆ, ನನ್ನದೂ ಸುಡುತ್ತದೆ. ಇಡೀ ಗಣಿಯಲ್ಲಿ ನೆರಳು ಇದ್ದದ್ದು ಎರಡೇ ಕಡೆ. ಒಂದು, ಗಣಿಯ ನೀರು ಎತ್ತುವ ಪಂಪ್‌ಹೌಸ್. ಇನ್ನೊಂದು, ಬಿರಾದಾರ ಸಾಹೇಬರ ಕಚೇರಿಯ ಹಿಂದಿನ ಪಡಸಾಲೆ. ಡಬ್ಬಿ ಹೆಚ್ಚಾಗಿ ಪಂಪ್‌ಹೌಸಿನಲ್ಲಿ, ಸಾಹೇಬರು ಸುತ್ತಾಟಕ್ಕೆ ಹೋದಾಗ ಅವರ ಪಡಸಾಲೆಯಲ್ಲಿ. ಎರಡು ಬೇಸಿಗೆ ಹೀಗೇ ಕಳೆದೆ. ದಾಖಲೆಯಲ್ಲಿ ಮಾತ್ರ ಬೇರೆಬೇರೆ ಜಾಗದ ಹೆಸರು ಬರೆದೆ.

ಪಂಪ್ ನಡೆಸುತ್ತಿದ್ದವನು ಅಂಬಾದಾಸ. ಗುಂಡಗುರ್ತಿಯವನು, ಮಾತು ಕಡಿಮೆ. ಪಂಪಿನ ಪಕ್ಕದ ಗೋಡೆಗೆ ಬುದ್ಧನ ಚಿತ್ರವಿದ್ದ ಒಂದು ಕ್ಯಾಲೆಂಡರ್ ತೂಗುಹಾಕಿದ್ದ. ನಾವು ಹೋದಾಗಲೆಲ್ಲ ಬಿಜಲಿಗೆ ತಗಡಿನ ತಾಟಿನಲ್ಲಿ ನೀರು ಇಡುತ್ತಿದ್ದ. "ಕುಂದ್ರಿ ಅಣ್ಣಾ, ಬಿಸಲು ಭಾಳ ಅದ" ಅನ್ನುತ್ತಿದ್ದ. ನಾನು ಡಬ್ಬಿ ಇಡುವಾಗ ಅವನನ್ನು ಹೊರಗೆ ಕಳಿಸುತ್ತಿದ್ದೆ. ಡಬ್ಬಿಯಲ್ಲಿ ಏನಿದೆ ಎಂದು ಅವನು ಒಮ್ಮೆಯೂ ಕೇಳಲಿಲ್ಲ. ಕೇಳದಿರುವುದೂ ನನಗೆ ಒಂದು ಸಂಶಯವಾಗಿತ್ತು.

ನನ್ನ ನಿವೃತ್ತಿಗೆ ಎರಡು ವರ್ಷವಿದ್ದಾಗ, ಒಂದು ಗುರುವಾರ ಮದ್ದಿನ ಏಳು ಕಡ್ಡಿ ಲೆಕ್ಕಕ್ಕೆ ಸಿಗಲಿಲ್ಲ. ಏಳು ಕಡ್ಡಿ ಅಂದರೆ ಸಣ್ಣ ಮಾತಲ್ಲ. ಪೊಲೀಸರು ಬಂದು ಬರೆದುಕೊಂಡು ಹೋದರು. ಬಿರಾದಾರ ಸಾಹೇಬರು ನನ್ನತ್ತ ನೋಡಿ, "ಬಿಡು ನಿನ್ನ ಬಿಜಲೀನ" ಅಂದರು.

ಹಗ್ಗ ಉದ್ದ ಬಿಟ್ಟೆ. ಬಿಜಲಿ ಅತ್ತಿತ್ತ ನೋಡಲಿಲ್ಲ. ಬಾಯಿ ತೆರೆದು, ನಾಲಗೆ ಚಾಚಿ, ತಲೆಯೆತ್ತಿ ನೇರ ಓಡಿದಳು. ಪಂಪ್‌ಹೌಸಿನ ಹೊಸ್ತಿಲ ಮುಂದೆ ನಿಂತು, ಒಮ್ಮೆ ಮೂಗು ತಗ್ಗಿಸಿ, ಕೂತಳು. ಹಿಂದೆ ಇಪ್ಪತ್ತು ಜನ ನೋಡುತ್ತಿದ್ದರು. ಅಂಬಾದಾಸ ಒಳಗಿನಿಂದ ನೀರಿನ ತಾಟು ಹಿಡಿದು ಹೊರಗೆ ಬಂದ.

ಒಳಗೆಲ್ಲ ಹುಡುಕಿದರೂ ಕಡ್ಡಿ ಸಿಗಲಿಲ್ಲ. "ಸಾಗಿಸ್ಯಾನ" ಅಂದರು ಸಾಹೇಬರು. ನಾನೂ ತಲೆಯಾಡಿಸಿದೆ. ಅಂದೇ ಅವನನ್ನು ಅಮಾನತು ಮಾಡಿದರು. ಯಾರ ಮೇಲೆ ಸಂಶಯ ಎಂದು ಕಂಪನಿ ಸೋಮವಾರ ಪೊಲೀಸರಿಗೆ ಬರೆದುಕೊಡಬೇಕಿತ್ತು. ಅದಕ್ಕೆ ಆಧಾರ ನಾಯಿಯ ವರದಿ, ವರದಿಯ ಕೆಳಗೆ ನನ್ನ ಸಹಿ. ಸಹಿ ಬಿದ್ದರೆ ಅಂಬಾದಾಸನ ಮೇಲೆ ಕೇಸು. ಸಿಡಿಮದ್ದಿನ ಕೇಸು ಒಮ್ಮೆ ಮೈಗೆ ಹತ್ತಿದರೆ ನೌಕರಿ ಹೋಗುತ್ತದೆ, ಜೈಲೂ ಆದೀತು. ಇದು ನನಗೆ ಚೆನ್ನಾಗಿ ಗೊತ್ತಿತ್ತು.

ಶನಿವಾರ ಅವನ ಹೆಂಡತಿ ಶಾಂತಾಬಾಯಿ ನಾಯಿಮನೆಯ ಹತ್ತಿರ ಬಂದಳು. ಅಳಲಿಲ್ಲ. ದೂರದಲ್ಲೇ ನಿಂತು ಬಿಜಲಿಯನ್ನು ನೋಡಿದಳು.

"ಅಣ್ಣಾ, ಇದೇ ಏನ್ರಿ ನಮ್ಮ ಮನಿಯವರ ಹೆಸರು ಹೇಳಿದ್ದು?"

"ಅದು ಹೆಸರು ಹೇಳಾಂಗಿಲ್ಲಮ್ಮ, ಕುಂದ್ರತದ ಅಷ್ಟೇ."

"ಅದು ಕುಂತರ ನಾವು ಬೀದಿಗಿ ಬೀಳಬೇಕೇನ್ರಿ? ಯಾಕ ಕುಂತದ ಅಂತ ಒಂದು ಸರ್ತಿ ಕೇಳ್ರಿ ಅದಕ್ಕ. ನಿಮ್ಮ ಮಾತು ಕೇಳ್ತದಲ್ಲ."

ನನಗೆ ಸಿಟ್ಟು ಬಂತು. ಕಳ್ಳರ ಮನೆಯವರು ಹೀಗೇ ಮಾತಾಡುತ್ತಾರೆ ಅಂದುಕೊಂಡೆ. ಅವಳು ಹೋದ ಮೇಲೂ ಆ ಪ್ರಶ್ನೆ ಹೋಗಲಿಲ್ಲ.

ಅದೇ ಮಧ್ಯಾಹ್ನ ಬಿಜಲಿಗೆ ಚುಚ್ಚುಮದ್ದು ಹಾಕಲು ಸೇಡಂನಿಂದ ನಸ್ರೀನ್ ಬಂದರು. ವಯಸ್ಸಿನಲ್ಲಿ ಚಿಕ್ಕವರು, ಓದಿಕೊಂಡ ಪಶುವೈದ್ಯೆ, ನನ್ನನ್ನು ಕಾಕಾ ಅನ್ನುತ್ತಿದ್ದರು. ನಾಯಿ ಯಾಕೆ ಕೂರುತ್ತದೆ ಎಂದು ಅವರನ್ನೇ ಕೇಳಿದೆ.

"ವಾಸನಿ ಬಂದರ ಕುಂದ್ರತದ, ಅದು ನಿಮಗ ಗೊತ್ತೇ ಅದ. ಖರೇ ಇನ್ನೊಂದು ಅದ ಕಾಕಾ. ಇಲಿಗಳ ಮೆದುಳಿನಾಗ ವಾಸನಿ ತಿಳಿಯೋ ಭಾಗ ಇರ್ತದಲ್ಲ, ಅದನ್ನ ವಿಜ್ಞಾನಿಗಳು ನೋಡ್ಯಾರ. ಇಲಿ ಓಡಾಡಿ ದಾರಿ ಹುಡುಕುವಾಗ ಅಲ್ಲಿನ ಕೆಲವು ಕೋಶ ವಾಸನಿಗಷ್ಟೇ ಅಲ್ಲ, ಜಾಗಕ್ಕೂ ಎಚ್ಚರ ಆಗ್ತಾವ. ಇಲಿ ಆ ಮೂಲಿಗಿ ಬಂತಂದ್ರ ಸಾಕು, ವಾಸನಿ ಇಲ್ಲದಿದ್ದರೂ ಆ ಕೋಶ ಮಿಡೀತಾವ."

"ಅಂದ್ರ ಮೂಗಿನ ಮೆದುಳಿನಾಗ ನಕ್ಷಾನೂ ಅದ ಅಂತೀರಿ?"

"ನಕ್ಷಾ ಅಂದರೂ ನಡೀತದ. ಯಾವ ವಾಸನಿ, ಯಾವ ಜಾಗ, ಎರಡೂ ಒಂದೇ ಕಡೆ ಕೂಡ್ತಾವ. ಅದರಾಗ ಇಲಿಗಿ ಬೇಕಾದ್ದು ಎಲ್ಲಿ ಸಿಗ್ತದೋ ಆ ಜಾಗಗಳು ಜಾಸ್ತಿ ಗಟ್ಟಿ. ಇದು ಇಲಿ ಮಾತು ಮತ್ತ. ನಾಯೀದೂ ಹಂಗೇ ಅಂತ ನಾ ಹೇಳಾಂಗಿಲ್ಲ."

ನನಗೆ ಅವರ ಮೇಲೂ ಸಂಶಯ ಬಂತು. ಶಾಂತಾಬಾಯಿ ಮೊದಲೇ ಇವರನ್ನು ಕಂಡು ಬಂದಿರಬಹುದೇ? ಇಲಿಯ ಕಥೆ ಹೇಳಿ ನನ್ನ ನಾಯಿಯನ್ನು ಸುಳ್ಳು ಮಾಡುವ ಉಪಾಯವೇ? ಹಗ್ಗ ಗೂಟಕ್ಕೆ ಕಟ್ಟಿ, ಆಯಿತು ಬಿಡ್ರಿ ಅಂದೆ.

ಭಾನುವಾರ ಚಿಂಚೋಳಿಯಲ್ಲಿ ಸುಗಲಾಳ ಅಕ್ಕನ ಮನೆಗೆ ಹೋಗಿ ಸಂಜೆ ಬಸ್ಸಿನಲ್ಲಿ ಮರಳುತ್ತಿದ್ದೆವು. ನನಗೆ ಕಣ್ಣು ಮುಚ್ಚಿ ಕೂರುವ ರೂಢಿ. ದಾರಿ ಮೂಗಿಗೇ ತಿಳಿಯುತ್ತದೆ. ಹೊಳೆ ಬಂದರೆ ಕೆಸರು, ಊರು ಬಂದರೆ ಹೊಗೆ, ಸೇಡಂ ಹತ್ತಿರದ ತಿರುವಿಗೆ ಬೇಳೆ ಮಿಲ್ಲಿನಿಂದ ಬಿಸಿ ತೊಗರಿಯ ವಾಸನೆ. ಬಸ್ಸು ತಿರುಗಿದ್ದು ಗೊತ್ತಾಯಿತು, ತೊಗರಿ ಘಮ್ಮೆಂದಿತು.

"ಸೇಡಂ ಬಂತು ನೋಡು. ಮಿಲ್ಲಿನ ವಾಸನಿ" ಅಂದೆ.

"ಯಾವ ಮಿಲ್ಲು?" ಅಂದಳು ಸುಗಲಾ. "ಅದು ಬಂದ್ ಆಗಿ ವರ್ಷಾತು. ಕಣ್ಣು ತೆರೀರಿ."

ತೆರೆದೆ. ಮಿಲ್ಲಿನ ಬಾಗಿಲಿಗೆ ಬೀಗ, ಅಂಗಳದಲ್ಲಿ ಜಾಲಿ ಬೆಳೆದಿತ್ತು. ಕಿಟಕಿಯಿಂದ ಬರುತ್ತಿದ್ದದ್ದು ಬರೀ ಧೂಳು. ಆದರೆ ನನಗೆ ತೊಗರಿಯ ವಾಸನೆ ಬಂದದ್ದು ಸುಳ್ಳಲ್ಲ, ಬಾಯಲ್ಲಿ ನೀರು ಕೂಡ ಬಂದಿತ್ತು. ತಿರುವು ಬಂತೆಂದು ನನ್ನ ಮೂಗೇ ಇಲ್ಲದ ವಾಸನೆಯನ್ನು ತಂದಿತ್ತು.

ಆಗ ನನಗೆ ಗುರುವಾರದ ಬಿಜಲಿಯ ಬಾಯಿ ನೆನಪಾಯಿತು. ಇದನ್ನು ಹೊಸ ಹ್ಯಾಂಡ್ಲರ್‌ಗಳು ಬರೆದಿಟ್ಟುಕೊಳ್ಳಬೇಕು. ನಾಯಿ ನಿಜವಾಗಿ ಮೂಸುವಾಗ ಬಾಯಿ ಮುಚ್ಚುತ್ತದೆ. ಉಸಿರು ಸಣ್ಣಸಣ್ಣದಾಗುತ್ತದೆ, ಹೆಜ್ಜೆ ಅಂಕುಡೊಂಕಾಗುತ್ತದೆ, ಗಾಳಿಯನ್ನು ಅಡ್ಡಡ್ಡ ಸೀಳಿ ನೋಡುತ್ತದೆ. ಬಾಯಿ ತೆರೆದು ನಾಲಗೆ ಚಾಚಿ ನೇರ ಓಡುವ ನಾಯಿ ಮೂಸುತ್ತಿಲ್ಲ, ಗೊತ್ತಿದ್ದ ಕಡೆಗೆ ಹೋಗುತ್ತಿದೆ. ಇಷ್ಟು ವರ್ಷದ ಅನುಭವದಲ್ಲಿ ನಾನು ಅದನ್ನು ಕಂಡೂ ಕಾಣಲಿಲ್ಲ. ನಾಯಿಗೆ ಎಂಥ ವಿಶ್ವಾಸ ನೋಡಿ ಎಂದು ಹೆಮ್ಮೆಪಟ್ಟಿದ್ದೆ. ಏನಾಯಿತು ಎಂದು ಸುಗಲಾ ಕೇಳಿದಾಗ ನಾಚಿಕೆಯಾಗಿ ಕಿಟಕಿಯ ಕಡೆ ಮುಖ ತಿರುಗಿಸಿದೆ.

ಸೋಮವಾರ ಬೆಳಿಗ್ಗೆ ಬಿರಾದಾರ ಸಾಹೇಬರು ಕಾಗದ ಮುಂದಿಟ್ಟರು. ನಾನು ಪೆನ್ನು ಮುಟ್ಟಲಿಲ್ಲ.

"ನಾ ಸಹಿ ಮಾಡಾಂಗಿಲ್ರಿ ಸಾಹೇಬ್ರ."

ಅವರು ಕಾಲಿನಿಂದ ತಲೆಯವರೆಗೆ ನೋಡಿದರು. "ಅವ ಏನರೆ ಕೊಟ್ಟಾನೇನು ನಿನಗ?"

ನಾನು ಅವರ ಜಾಗದಲ್ಲಿದ್ದರೂ ಅದನ್ನೇ ಕೇಳುತ್ತಿದ್ದೆ. "ಅವ ಬಿಜಲಿಗಿ ನೀರು ಕೊಟ್ಟಾನ್ರಿ, ಮತ್ತೇನೂ ಇಲ್ಲ. ಎರಡು ಬ್ಯಾಸಗಿ ನಾ ಡಬ್ಬಿ ಅಲ್ಲೇ ಇಟ್ಟೀನಿ. ದಾಖಲಿಯೊಳಗ ಬರೆದದ್ದು ಸುಳ್ಳ. ಬಿಜಲಿಗಿ ಆ ಜಾಗ ಬಾಯಿಪಾಠ ಆಗ್ಯಾದ."

"ಈಗ ನಾಯಿ ಸುಳ್ಳ ಅಂತಿ?"

"ನಾಯಿ ಸುಳ್ಳ ಅಲ್ರಿ, ನಾ ಸೋಂಬೇರಿ. ನೀವೇ ಒಂದು ಡಬ್ಬಿ ಬಚ್ಚಿಡ್ರಿ. ಎಲ್ಲಿ ಅಂತ ನನಗೂ ಹೇಳಬ್ಯಾಡ್ರಿ."

ಅವರಿಗೆ ನನ್ನ ಮೇಲೆ ಎಷ್ಟು ಸಂಶಯ ಬಂದಿತ್ತೆಂದರೆ, ನನ್ನನ್ನು ಕೋಣೆಯೊಳಗೆ ಕೂರಿಸಿ ಹೊರಗಿನಿಂದ ಚಿಲಕ ಹಾಕಿ ಡಬ್ಬಿ ಇಡಲು ಹೋದರು. ಬಂದ ಮೇಲೆ ಬಿಜಲಿಯನ್ನು ಬಿಟ್ಟೆ. ಬಾಯಿ ತೆರೆದು, ತಲೆಯೆತ್ತಿ, ನೇರ ಓಟ. ಪಂಪ್‌ಹೌಸಿನ ಹೊಸ್ತಿಲು. ಕೂತಳು.

ಸಾಹೇಬರು ಇಲ್ಲವೆಂದು ತಲೆಯಲ್ಲಾಡಿಸಿದರು. ಡಬ್ಬಿ ಅಲ್ಲಿರಲಿಲ್ಲ. ಆದರೂ ಅವರು ಬಿಡುವವರಲ್ಲ. "ಖರೇನೇ ಕದ್ದದ್ದು ಇಲ್ಲಿಟ್ಟಿದ್ದರ? ಅದರ ವಾಸನಿ ಉಳಿದಿರಬಾರದೇನು?"

ಚೆಂಡು ಕೊಡದೆ ಬಿಜಲಿಗೆ ಮತ್ತೆ ಹುಡುಕು ಅಂದೆ. ಅವಳು ನನ್ನ ಮುಖ ನೋಡಿದಳು, ತಿರುಗಿದಳು, ಮತ್ತೆ ಅದೇ ಓಟ. ಈ ಸಲ ಹೋಗಿ ಕೂತದ್ದು ಬಿರಾದಾರ ಸಾಹೇಬರ ಕಚೇರಿಯ ಹಿಂದಿನ ಪಡಸಾಲೆಯಲ್ಲಿ, ಅವರು ವಿಶ್ರಾಂತಿಗೆ ಹಾಕಿಕೊಂಡಿದ್ದ ಕುರ್ಚಿಯ ಮುಂದೆ.

ಸಾಹೇಬರ ಮುಖದ ರಕ್ತ ಇಂಗಿದ್ದನ್ನು ನಾನು ಆವತ್ತು ನೋಡಿದೆ. ಈ ಸಲ ಖುಷಿಯಾಗಲಿಲ್ಲ.

"ನಾ ಇಲ್ಲೂ ಡಬ್ಬಿ ಇಡ್ತಿದ್ದೆ ಸಾಹೇಬ್ರ, ನೀವು ಸುತ್ತಾಡ್ಲಿಕ್ಕೆ ಹೋದಾಗ. ಹಳೇ ವಾಸನಿ ಉಳಿದದೋ, ಬರೇ ಜಾಗದ ನೆನಪೋ ನನಗ ಗೊತ್ತಿಲ್ಲ. ಎರಡೂ ನನ್ನವೇ. ಇದನ್ನ ನಂಬಿ ಅಂಬಾದಾಸನ ಮ್ಯಾಲ ಬರೆದರ, ನಿಮ್ಮ ಮ್ಯಾಲೂ ಬರೀಬೇಕಾಗ್ತದ."

ಸಾಹೇಬರು ವರದಿಯ ಕಾಗದವನ್ನು ನಾಲ್ಕಾಗಿ ಹರಿದು ಜೇಬಿಗೆ ಹಾಕಿಕೊಂಡರು, ಅಲ್ಲೇ ಬಿಸಾಕಿದರೆ ಯಾರಾದರೂ ಜೋಡಿಸಿ ಓದಿಯಾರು ಎಂದು. ಡಬ್ಬಿ ಎಲ್ಲಿತ್ತು ಗೊತ್ತೇ? ಮದ್ದಿನ ಕೋಣೆಯ ದಾರಿಯ ಕಲ್ಲುರಾಶಿಯಲ್ಲಿ. ಬಿಜಲಿ ಎರಡು ಸಲವೂ ಅದರ ಪಕ್ಕದಲ್ಲೇ ಓಡಿ ಹೋಗಿದ್ದಳು.

ಸುಳ್ಳು ದಾಖಲೆಗೆ ನನಗೆ ನೋಟಿಸು ಬಂತು, ಬರಬೇಕಾದದ್ದೇ. ಬಿಜಲಿಗೆ ಮತ್ತೆ ಮೊದಲಿನಿಂದ ಕಲಿಸಿದೆವು. ಡಬ್ಬಿ ಇಡುವವರು ಬೇರೆ, ನಾಯಿ ಬಿಡುವವರು ಬೇರೆ. ಒಂದೇ ಜಾಗ ಎರಡು ಸಲ ಇಲ್ಲ. ಎಷ್ಟೋ ದಿನ ಡಬ್ಬಿಯನ್ನೇ ಇಡದೆ ಬಿಡುತ್ತಿದ್ದೆವು. ಏನೂ ಸಿಗದೆ ಬರುವುದನ್ನೂ ನಾಯಿ ಕಲಿಯಬೇಕು, ನಾವೂ ಕಲಿಯಬೇಕು. ಮಳೆಗಾಲ ಮುಗಿಯುವ ಹೊತ್ತಿಗೆ ಅವಳು ಬಾಯಿ ಮುಚ್ಚಿ ಮೂಸತೊಡಗಿದಳು. ಆದರೆ ಅದಕ್ಕೂ ಮುಂಚೆ ಅವಳು ಕೂತಳೆಂದು ನಾವು ಗೇಟಿನಿಂದಲೇ ಓಡಿಸಿದ್ದ ಇಬ್ಬರು ಲಾರಿ ಚಾಲಕರಿದ್ದರು. ಆ ಗೇಟಿನ ಕಟ್ಟೆಯ ಮೇಲೂ ನಾನು ಡಬ್ಬಿ ಇಟ್ಟಿದ್ದೆನೋ ಏನೋ, ನೆನಪಿಲ್ಲ. ಅವರನ್ನು ಹುಡುಕಿ ವಾಡಿಯ ಲಾರಿ ನಿಲ್ದಾಣದವರೆಗೂ ಹೋಗಿ ವಿಚಾರಿಸಿದೆ. ಯಾರಿಗೂ ಅವರ ಸುಳಿವಿರಲಿಲ್ಲ.

ಆ ಏಳು ಕಡ್ಡಿ ಇವತ್ತಿಗೂ ಸಿಕ್ಕಿಲ್ಲ.

ಅಂಬಾದಾಸನನ್ನು ಒಂದು ವಾರದ ಮೇಲೆ ಕೆಲಸಕ್ಕೆ ಮರಳಿ ಕರೆದರು. ಬಂದ ದಿನವೇ ನಾನು ಬಿಜಲಿಯನ್ನು ಕರೆದುಕೊಂಡು ಪಂಪ್‌ಹೌಸಿಗೆ ಹೋದೆ. ತಪ್ಪು ನಂದೇ, ನಾಯಿಯದಲ್ಲ ಎಂದು ಎಲ್ಲವನ್ನೂ ಹೇಳಿದೆ. ಡಬ್ಬಿ, ನೆರಳು, ಸುಳ್ಳು ದಾಖಲೆ. ಅವನು ಪಂಪಿನ ಮೇಲೆ ಕೈಯಿಟ್ಟು ಕೇಳಿಸಿಕೊಂಡ. ಒಂದು ವಾರದಲ್ಲಿ ಕೆನ್ನೆಗಳು ಒಳಗೆ ಹೋಗಿದ್ದವು.

"ಅದೆಲ್ಲ ಇರಲಿ ಅಣ್ಣಾ" ಅಂದ. "ಒಂದು ಕೇಳ್ತೀನಿ. ನಾಯಿ ಮಾತು ಬಿಡ್ರಿ. ನಾ ತಗೊಂಡಿಲ್ಲಂತ ನೀವು ನಂಬ್ತೀರೇನು?"

ನಂಬುತ್ತೇನೆ ಎಂದೆ. ಆದರೆ ತಕ್ಷಣ ಅನ್ನಲಿಲ್ಲ. ಕಡ್ಡಿಗಳು ಸಿಕ್ಕಿಲ್ಲವಲ್ಲ, ಇವನು ಯಾವತ್ತೂ ಡಬ್ಬಿಯಲ್ಲಿ ಏನಿದೆ ಎಂದು ಕೇಳಲಿಲ್ಲವಲ್ಲ ಎಂದು ಮನಸ್ಸು ಒಂದು ಸುತ್ತು ಹೋಗಿ ಬಂತು. ಒಂದು ಉಸಿರಿನಷ್ಟು ಹೊತ್ತು, ಅಷ್ಟೇ. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಆ ಒಂದು ಉಸಿರನ್ನು ಅವನು ನೋಡಿದ.

ಬಗ್ಗಿ ಬಿಜಲಿಯ ಕಿವಿಯ ಹಿಂದೆ ತುರಿಸಿದ. "ಇದರ ಮ್ಯಾಲ ನನಗ ಸಿಟ್ಟಿಲ್ರಿ" ಅಂದು ಒಳಗೆ ಹೋಗಿ ಪಂಪ್ ಚಾಲೂ ಮಾಡಿದ.